ಮಹಜರಿನ ಪುಟ ಹಾರಿಸಿ ಓದಬಹುದೇ?

ಹೊಸ ಲೇಖಕರೊಬ್ಬರ ಮೊದಲ ಕೋರ್ಟು ಕಾದಂಬರಿಯ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳು ಸರಿಯಾಗಿ ಎರಡು ಪಾಲಾಗಿವೆ. ‘ಇಂಥದ್ದು ಕನ್ನಡದಲ್ಲಿ ಇನ್ನಷ್ಟು ಬರಬೇಕು’ ಎಂದು ಒಂದು ಪಾಲು, ‘ಅರ್ಧಕ್ಕೇ ಮುಚ್ಚಿಟ್ಟೆ’ ಎಂದು ಇನ್ನೊಂದು ಪಾಲು. ಓದದವರಿಗಾಗಿ ಕಥೆ ಇಷ್ಟು: 2019ರ ಮಾರ್ಚ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಕೊಲೆಯಾಗುತ್ತಾನೆ. ಹೆಣ ಸಕಲೇಶಪುರದ ಹತ್ತಿರ ಹೇಮಾವತಿಯ ಮಡುವಿನಲ್ಲಿ ಸಿಗುತ್ತದೆ. ತೋಟದ ಮೇಸ್ತ್ರಿಯೇ ಆರೋಪಿ. ಹಾಸನದ ಸೆಷನ್ಸ್ ಕೋರ್ಟಿನಲ್ಲಿ ಅವನ ಪರ ನಿಲ್ಲುವವಳು ಆರು ವರ್ಷದ ಅನುಭವದ ವಕೀಲೆ. ಕೊನೆಗೆ ತೋಟದ ಮಾಲೀಕನ ತಮ್ಮ ಸಾಕ್ಷಿ ಕಟಕಟೆಯಲ್ಲೇ ಕೊಲೆ ಒಪ್ಪಿಕೊಳ್ಳುತ್ತಾನೆ, ಮೇಸ್ತ್ರಿ ಬಿಡುಗಡೆಯಾಗುತ್ತಾನೆ. ಅಪರಾಧ ಪ್ರಕರಣ ನಡೆಸುವ ವಕೀಲರು ಮತ್ತು ಕಾದಂಬರಿ ತಿದ್ದುವ ಸಂಪಾದಕರು ಕೂಡಿ ಈ ಉತ್ತರಗಳನ್ನು ಬರೆದಿದ್ದೇವೆ.

ನಾಲ್ಕನೇ ಅಧ್ಯಾಯ ಪೂರ್ತಿ ನದಿ ದಂಡೆಯ ಮಹಜರು. ಹದಿನಾಲ್ಕು ಪುಟ! ಹಾರಿಸಿ ಓದಿದರೆ ನಷ್ಟವೇನು?
— ಓದುಗರು, ಸಕಲೇಶಪುರ

ನಷ್ಟವಿದೆ. ಹದಿನೇಳನೇ ಅಧ್ಯಾಯದಲ್ಲಿ ಸಿಡಿಯುವ ಮದ್ದನ್ನು ಲೇಖಕರು ಹೂತಿಟ್ಟಿರುವುದು ಅಲ್ಲೇ.

ಮಹಜರಿನಲ್ಲಿ, ಅಂದರೆ ಪಂಚರೆಂಬ ಸಾಕ್ಷಿಗಳ ಎದುರು ಪೊಲೀಸರು ಸ್ಥಳದಲ್ಲಿ ಬರೆಯುವ ದಾಖಲೆಯಲ್ಲಿ, ಏನೇನು ಇರಬೇಕು ಎಂದು ತಿಳಿದು ಓದಿದರೆ ಆ ಪುಟಗಳು ಬೇರೆಯೇ ಕಾಣುತ್ತವೆ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಸ್ಥಳದ ಚಕ್ಕುಬಂದಿ, ಪಂಚರ ಹೆಸರು ಮತ್ತು ಸಹಿ, ವಶಪಡಿಸಿಕೊಂಡ ಒಂದೊಂದು ವಸ್ತುವಿನ ಗುರುತು, ಅದನ್ನು ಬಟ್ಟೆಯಲ್ಲಿ ಕಟ್ಟಿ ಅರಗು ಹಾಕಿ ಒತ್ತಿದ ಮೊಹರಿನ ಅಕ್ಷರ. ಕಾದಂಬರಿಯಲ್ಲಿ ರಕ್ತದ ಕಲೆಯಿರುವ ಕತ್ತಿಯನ್ನು ‘ಎಸ್’ ಅಕ್ಷರದ ಮೊಹರು ಹಾಕಿ ಕಟ್ಟಿದ್ದಾರೆ. ಈ ಒಂದು ಸಾಲು ಹಾರಿಸಿದವರಿಗೆ, ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ‘ಹೆಚ್ ಮೊಹರಿನ ಪೊಟ್ಟಣ ಸ್ವೀಕರಿಸಲಾಯಿತು’ ಎಂದು ಓದಿ ವಕೀಲೆ ಕುರ್ಚಿಯಿಂದ ಎದ್ದದ್ದೇಕೆ ಎಂದೇ ತಿಳಿಯುವುದಿಲ್ಲ. ಮೊಹರು ಬದಲಾಗಿದೆ ಎಂದರೆ ನಡುವೆ ಯಾರೋ ಪೊಟ್ಟಣ ಬಿಚ್ಚಿದ್ದಾರೆ, ಅಥವಾ ಲ್ಯಾಬಿಗೆ ಹೋದದ್ದು ಬೇರೆಯದೇ ಪೊಟ್ಟಣ. ಎರಡರಲ್ಲಿ ಯಾವುದಾದರೂ ಆ ಕತ್ತಿಯ ಮೇಲಿನ ರಕ್ತಕ್ಕೆ ಬೆಲೆ ಉಳಿಯುವುದು ಕಷ್ಟ. ನಿಜವಾದ ಕೇಸುಗಳಲ್ಲೂ ಹೀಗೇ ಆಗುತ್ತದೆ: ಮುದ್ದೆಮಾಲು, ಅಂದರೆ ವಶಪಡಿಸಿಕೊಂಡ ವಸ್ತು, ಠಾಣೆಯಲ್ಲೇ ದಿನಗಟ್ಟಲೆ ಬಿದ್ದಿರುತ್ತದೆ, ಯಾರ ವಶದಲ್ಲಿತ್ತು ಎಂಬುದಕ್ಕೆ ಬರಹದ ದಾಖಲೆ ಸಿಗುವುದಿಲ್ಲ, ಪಂಚರು ಬಂದು ‘ಸಹಿ ಮಾತ್ರ ನನ್ನದು, ಠಾಣೆಯಲ್ಲಿ ಹಾಕಿದ್ದು’ ಎನ್ನುತ್ತಾರೆ.

ಹಾಗೆಂದು ಹದಿನಾಲ್ಕು ಪುಟ ಬೇಕಿತ್ತೇ? ಬೇಡವಾಗಿತ್ತು. ಎಂಟು ಸಾಕಿತ್ತು. ನದಿಯ ವರ್ಣನೆ ಎರಡು ಸಲ ಬರುತ್ತದೆ, ಎರಡನೆಯದು ಪೂರ್ತಿ ತೆಗೆಯಬಹುದಿತ್ತು. ಈ ದೂರು ಲೇಖಕರಿಗಿಂತ ಸಂಪಾದಕರಿಗೆ ಸಲ್ಲಬೇಕು.

ಕೊಲೆ ನಡೆದದ್ದು ಮೂಡಿಗೆರೆ ತಾಲ್ಲೂಕಿನಲ್ಲಿ. ಅದು ಚಿಕ್ಕಮಗಳೂರು ಜಿಲ್ಲೆ. ವಿಚಾರಣೆ ಹಾಸನದಲ್ಲಿ ಹೇಗೆ? ಇಷ್ಟು ದೊಡ್ಡ ತಪ್ಪನ್ನು ಯಾರೂ ನೋಡಲಿಲ್ಲವೇ?
— ಓದುಗರು, ಮೂಡಿಗೆರೆ

ಇದು ತಪ್ಪಲ್ಲ. ಅಪರಾಧ ನಡೆದ ಜಾಗದ ಕೋರ್ಟಿನಲ್ಲೇ ವಿಚಾರಣೆ ಎಂಬುದು ಕಥೆಯ ಕಾಲಕ್ಕೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 177ನೇ ಕಲಂನ ಸಾಮಾನ್ಯ ನಿಯಮ. ಆದರೆ ಇಲ್ಲಿರುವುದು ಎರಡು ಅಪರಾಧ. ಕೊಲೆ, ಅಂದರೆ ಐಪಿಸಿ 302, ಮೂಡಿಗೆರೆ ಕಡೆ ನಡೆದಿದೆ. ಹೆಣವನ್ನು ಪಿಕಪ್‌ನಲ್ಲಿ ತಂದು ಹೊಳೆಗೆ ಹಾಕಿ ಸಾಕ್ಷ್ಯ ನಾಶ ಮಾಡಿದ್ದು, ಅಂದರೆ 201, ಸಕಲೇಶಪುರದ ಸರಹದ್ದಿನಲ್ಲಿ. ಎರಡೂ ಒಂದೇ ಸರಣಿಯ ಕೃತ್ಯವಾದ್ದರಿಂದ 220ನೇ ಕಲಂ ಪ್ರಕಾರ ಒಟ್ಟಿಗೆ ವಿಚಾರಣೆ ಮಾಡಬಹುದು. ಹಾಗೆ ಒಟ್ಟಿಗೆ ಮಾಡುವಾಗ ಎರಡರಲ್ಲಿ ಯಾವ ಅಪರಾಧದ ಮೇಲೆ ಅಧಿಕಾರವಿರುವ ಕೋರ್ಟಾದರೂ ನಡೆಸಬಹುದು ಎನ್ನುತ್ತದೆ 184. ಮೊದಲು ಕೇಸು ದಾಖಲಿಸಿದ್ದು ಸಕಲೇಶಪುರದ ಪೊಲೀಸರು, ಆದ್ದರಿಂದ ಹಾಸನ. ಒಂದು ವೇಳೆ ತಪ್ಪು ಜಿಲ್ಲೆಯಲ್ಲೇ ವಿಚಾರಣೆ ಮುಗಿದುಹೋಯಿತು ಎನ್ನಿ, ಅದರಿಂದ ಯಾರಿಗೂ ನ್ಯಾಯ ತಪ್ಪಿಲ್ಲವಾದರೆ ಆ ಒಂದೇ ಕಾರಣಕ್ಕೆ ತೀರ್ಪು ಬೀಳುವುದಿಲ್ಲ ಎಂದು 462 ಹೇಳುತ್ತದೆ.

ಇದನ್ನೆಲ್ಲ ಕಾದಂಬರಿ ಎರಡು ಸಾಲಿನಲ್ಲಾದರೂ ಹೇಳಬೇಕಿತ್ತು. ಮೂಡಿಗೆರೆಯಲ್ಲಿ ಹುಟ್ಟುವ ಹೇಮಾವತಿಯೇ ಹಾಸನ ಜಿಲ್ಲೆಗೆ ಹರಿಯುವ ನದಿ. ಎರಡು ಜಿಲ್ಲೆಯ ಪೊಲೀಸರ ನಡುವಿನ ಎಳೆದಾಟ ಕೈಗೆ ಸಿಕ್ಕಿದ್ದೂ ಬಳಸದೆ ಬಿಟ್ಟಿದ್ದಾರೆ.

ಇದೇ ಭಾಗದಲ್ಲಿ ನಿಜವಾದ ತಪ್ಪೊಂದಿದೆ, ಅದನ್ನು ಯಾರೂ ಬರೆದು ಕಳಿಸಿಲ್ಲ. ‘ಶ್ವಾಸಕೋಶದಲ್ಲಿ ನೀರಿದೆ, ಆದ್ದರಿಂದ ಹೊಳೆಗೆ ಬಿದ್ದಾಗ ಜೀವವಿತ್ತು’ ಎಂದು ಒಬ್ಬ ವೈದ್ಯ ಪಾತ್ರ ಖಚಿತವಾಗಿ ಹೇಳುತ್ತದೆ. ಸತ್ತ ಮೇಲೆ ನೀರಿಗೆ ಹಾಕಿದರೂ ಶ್ವಾಸಕೋಶದೊಳಗೆ ನೀರು ಇಳಿಯಬಹುದು. ಅದಕ್ಕೇ ವೈದ್ಯರು ಶ್ವಾಸನಾಳದ ಸಣ್ಣ ನೊರೆ, ಶ್ವಾಸಕೋಶದ ಉಬ್ಬರ, ತೊಡೆಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಇದೆಯೇ ಎಂಬುದನ್ನೂ ನೋಡುತ್ತಾರೆ. ಜೀವವಿದ್ದಾಗ ಮುಳುಗಿದರೆ ಹೃದಯ ಬಡಿಯುತ್ತಿರುತ್ತದೆ, ನೀರಿನ ಜೊತೆ ಒಳಹೊಕ್ಕ ಪಾಚಿ ರಕ್ತದಲ್ಲಿ ಸಾಗಿ ಮೂಳೆಯವರೆಗೆ ಮುಟ್ಟುತ್ತದೆ. ಹೋಲಿಸಿ ನೋಡಲು ಹೆಣ ಸಿಕ್ಕ ಮಡುವಿನ ನೀರಿನ ಮಾದರಿಯೂ ಬೇಕು. ಆ ನೀರು ತೆಗೆಯಲು ಮರೆತರೆ ಪರೀಕ್ಷೆಯ ಅರ್ಧ ಬಲ ಹೋದಂತೆ. ಡಯಾಟಮ್ ಪರೀಕ್ಷೆಯೂ ಕೊನೆಯ ಮಾತಲ್ಲ, ಉಳಿದ ಲಕ್ಷಣಗಳ ಜೊತೆ ಇಟ್ಟು ನೋಡಬೇಕಾದದ್ದು.

ಸುತ್ತಿಗೆ ಕುಟ್ಟುವುದು, ಭಗವದ್ಗೀತೆ ಮುಟ್ಟಿ ಪ್ರಮಾಣ, ‘ಮೈ ಲಾರ್ಡ್’! ಸಿನಿಮಾ ನೋಡಿ ಬರೆದಂತಿದೆ. ಕಾನೂನು ಓದುತ್ತಿರುವ ನಮಗೆ ಇದನ್ನು ಸಹಿಸಲಾಗುವುದಿಲ್ಲ.
— ಓದುಗರು, ಹಾಸನ

ಮೂರು ದೂರೂ ನಿಜ. ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಸುತ್ತಿಗೆ ಇಲ್ಲ. 1969ರ ಪ್ರಮಾಣ ಕಾಯ್ದೆಯಂತೆ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೆ, ಇಲ್ಲವೇ ಸತ್ಯನಿಷ್ಠೆಯಿಂದ ಘೋಷಿಸುತ್ತಾರೆ. ಗ್ರಂಥ ಬೇಕಿಲ್ಲ. ಜಿಲ್ಲಾ ಕೋರ್ಟುಗಳಲ್ಲಿ ‘ಸರ್’, ‘ಸ್ವಾಮಿ’ ಎನ್ನುವುದೇ ಸಹಜ. ಇವುಗಳಿಗಿಂತ ದೊಡ್ಡ ತಪ್ಪು ಹನ್ನೊಂದನೇ ಅಧ್ಯಾಯದಲ್ಲಿದೆ: ಸರ್ಕಾರಿ ಅಭಿಯೋಜಕರು ಆರೋಪಿಗೇ ಪಾಟಿ ಸವಾಲು ಹಾಕುತ್ತಾರೆ. 313ನೇ ಕಲಂನ ಹೇಳಿಕೆಯಲ್ಲಿ ಆರೋಪಿಯನ್ನು ಕೇಳುವವರು ನ್ಯಾಯಾಧೀಶರು, ಅದೂ ಪ್ರಮಾಣವಿಲ್ಲದೆ. ಆರೋಪಿ ತಾನಾಗಿ ಬರಹದಲ್ಲಿ ಕೋರಿ 315ರ ಅಡಿ ಸಾಕ್ಷಿಯಾಗಿ ನಿಂತರೆ ಮಾತ್ರ ಅವನಿಗೆ ಪಾಟಿ ಸವಾಲು.

ಆದರೂ ಈ ಲೇಖಕರು ಸಿನಿಮಾ ಮಾತ್ರ ನೋಡಿದವರಲ್ಲ ಎನ್ನಲು ನಮ್ಮ ಬಳಿ ಗಟ್ಟಿ ಆಧಾರವಿದೆ. ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ ದಾಖಲಾಗುವ ರೀತಿ ಅವರಿಗೆ ಗೊತ್ತು. ವಕೀಲೆ ಕೇಳುತ್ತಾಳೆ, ಸಾಕ್ಷಿ ತಲೆಯಾಡಿಸುತ್ತಾನೆ, ನ್ಯಾಯಾಧೀಶರು ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಬರೆಸುತ್ತಾರೆ: ‘ಆ ರಾತ್ರಿ ನಾನು ಲೈನ್ ಮನೆಯಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ನನ್ನ ಬಳಿ ಟಾರ್ಚ್ ಇರಲಿಲ್ಲ ಎಂದರೆ ಸರಿ.’ ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಉಸಿರಿನಲ್ಲಿ ಹಿಡಿಯುವ ಈ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ನಮ್ಮ ಕೋರ್ಟುಗಳ ಸ್ವಂತ ಕನ್ನಡ. ಕಾದಂಬರಿ ಅದನ್ನು ಲಯವಾಗಿ ಬಳಸಿದೆ. ಇದನ್ನು ಕಿವಿಯಾರೆ ಕೇಳದೆ ಬರೆಯಲಾಗುವುದಿಲ್ಲ. ಮರುಮುದ್ರಣದಲ್ಲಿ ಸುತ್ತಿಗೆ ತೆಗೆಯುವುದು ಐದು ನಿಮಿಷದ ಕೆಲಸ. ಈ ಕಿವಿಯನ್ನು ಯಾವ ಸಂಪಾದಕರೂ ಕೊಡಲಾರರು.

ಕಾವಲುಗಾರನ ಪಾಟಿ ಸವಾಲು ಮೂವತ್ತು ಪುಟ ಎಳೆದಿದೆ. ಕೇಳಿದ್ದನ್ನೇ ಕೇಳಿದಂತೆ ಕಾಣುತ್ತದೆ. ಇದನ್ನು ಕೆಲವರು ‘ಕಾದಂಬರಿಯ ಜೀವ’ ಎನ್ನುತ್ತಾರಲ್ಲ, ಏಕೆ?
— ಓದುಗರು, ಬೇಲೂರು

ಜೀವ ಎನ್ನುವವರ ಜೊತೆ ನಾವೂ ಇದ್ದೇವೆ. ಅಲ್ಲಿ ನಡೆಯುವ ಕೆಲಸ ಯಾವುದು ಎಂದು ಬಿಡಿಸಿ ಹೇಳಿದರೆ ನೀವೂ ಇನ್ನೊಮ್ಮೆ ಓದಬಹುದು.

ಕಾವಲುಗಾರ ಪ್ರಾ.ಸಾ.4, ಅಂದರೆ ಪ್ರಾಸಿಕ್ಯೂಷನ್ ಪರದ ನಾಲ್ಕನೇ ಸಾಕ್ಷಿ. ಬೆಳದಿಂಗಳಲ್ಲಿ ಮೇಸ್ತ್ರಿಯನ್ನು ಕಣ್ಣಾರೆ ಕಂಡೆ ಎಂದು ಮುಖ್ಯ ವಿಚಾರಣೆಯಲ್ಲಿ ಹೇಳಿದ್ದಾನೆ. ಪೊಲೀಸರ ಮುಂದಿನ 161ರ ಹೇಳಿಕೆಯಲ್ಲಿ ‘ಕೂಗು ಕೇಳಿಸಿತು, ಯಾರೆಂದು ತಿಳಿಯಲಿಲ್ಲ’ ಎಂದಿದೆ. ಆ ಹೇಳಿಕೆಯನ್ನು ಎತ್ತಿ ನೇರವಾಗಿ ಸಾಕ್ಷ್ಯ ಎನ್ನುವಂತಿಲ್ಲ. 162ನೇ ಕಲಂ ಅದಕ್ಕೆ ಅಡ್ಡ. ಸಾಕ್ಷಿಯ ಮಾತಿಗೆ ವಿರುದ್ಧ ಎಂದು ತೋರಿಸಲು ಮಾತ್ರ ಬಳಸಬಹುದು, ಅದಕ್ಕೂ ಮೆಟ್ಟಿಲುಗಳಿವೆ. ಮೊದಲು ಈಗಿನ ಮಾತನ್ನು ಸಾಕ್ಷಿಯಿಂದ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿಸಬೇಕು. ಕಂಡೆಯಾ, ಮುಖವನ್ನೇ ಕಂಡೆಯಾ, ಎಷ್ಟು ದೂರದಿಂದ? ನಿಮಗೆ ಕೇಳಿದ್ದನ್ನೇ ಕೇಳಿದಂತೆ ಕಂಡದ್ದು ಇದು: ಅವಳು ಒಂದೊಂದೇ ಬಾಗಿಲು ಮುಚ್ಚುತ್ತಿದ್ದಾಳೆ. ಆಮೇಲೆ ಹಳೆಯ ಹೇಳಿಕೆಯ ಆ ಸಾಲನ್ನೇ, ಅಷ್ಟನ್ನೇ, ಓದಿ ಹೇಳಬೇಕು. ‘ಹಾಗೆ ಹೇಳಿಲ್ಲ’ ಎಂದು ಅವನು ನಿರಾಕರಿಸಿದ ಕೂಡಲೇ ಆ ಭಾಗಕ್ಕೆ ಗುರುತು ಹಾಕಬೇಕು. ಕೊನೆಯ ಮೆಟ್ಟಿಲು ವಾರಗಳ ನಂತರ ಬರುತ್ತದೆ. ತನಿಖಾಧಿಕಾರಿ ಕಟಕಟೆ ಹತ್ತಿದ ದಿನ, ಆ ಸಾಕ್ಷಿ ತಮ್ಮ ಮುಂದೆ ಹಾಗೆ ಹೇಳಿದ್ದನೇ ಎಂದು ಕೇಳಿ ಹೌದು ಎನ್ನಿಸಬೇಕು. ಆಗ ಅದು ನಿ.ಡಿ.1 ಆಗಿ, ಅಂದರೆ ಆರೋಪಿ ಪರದ ಮೊದಲ ದಾಖಲೆಯಾಗಿ, ರುಜುವಾತಾಗುತ್ತದೆ.

ಈ ಕೊನೆಯ ಪ್ರಶ್ನೆ ಮರೆತರೆ ಹಿಂದಿನ ಮೂವತ್ತು ಪುಟವೂ ನೀರುಪಾಲು. ಕಾದಂಬರಿಯ ವಕೀಲೆ ಮರೆಯುತ್ತಾಳೆ! ತನಿಖಾಧಿಕಾರಿ ಕೆಳಗಿಳಿದು ಹೋದ ಮೇಲೆ, ಬಾರ್ ರೂಮಿನಲ್ಲಿ ಫೈಲು ಕಟ್ಟುವಾಗ, ಪೆನ್ಸಿಲ್ಲಿನಲ್ಲಿ ಗೀಟು ಹಾಕಿದ ಆ ಸಾಲು ಅವಳ ಕಣ್ಣಿಗೆ ಬೀಳುತ್ತದೆ. ಅಧಿಕಾರಿಯನ್ನು ಮತ್ತೆ ಕರೆಸಲು 311ರ ಅರ್ಜಿ ಹಾಕಬೇಕು, ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಆ ಅರ್ಜಿಯ ಆದೇಶಕ್ಕೆ ಅವಳು ಕಾಯುವ ಎರಡು ದಿನ ಇಡೀ ಪುಸ್ತಕದಲ್ಲಿ ನಮ್ಮ ಉಸಿರು ಹಿಡಿದ ಭಾಗ. ಕತ್ತಿಯಿಲ್ಲ, ಬೆನ್ನಟ್ಟುವಿಕೆಯಿಲ್ಲ, ಒಂದು ಅರ್ಜಿ ಅಷ್ಟೇ.

ಮೊದಲ ಹೂಮಳೆಯ ರಾತ್ರಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿತ್ತು ಎಂದು ಅದೇ ಕಾವಲುಗಾರ ಹೇಳುತ್ತಾನೆ. ಕಾಫಿ ಬೆಳೆಯುವ ಯಾರೂ ಒಪ್ಪುವ ಮಾತಲ್ಲ.
— ಓದುಗರು, ಆಲ್ದೂರು

ನಿಮ್ಮ ಪತ್ರ ಓದಿ ನಾವು ಪುಸ್ತಕವನ್ನು ಮತ್ತೆ ತೆರೆದೆವು. ಹೌದು, ಮಳೆ ಬಿದ್ದ ರಾತ್ರಿಯೇ ಹೂವಾಗುವುದಿಲ್ಲ. ಹೂಮಳೆಯಾಗಿ ಸುಮಾರು 8ರಿಂದ 10 ದಿನಕ್ಕೆ ಮೊಗ್ಗು ಬಿರಿಯುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಇದು ಲೇಖಕರ ಅಜಾಗರೂಕತೆ ಎಂದು ಬಿಡಬಹುದು. ನಮಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಯ ಬಾಯಲ್ಲೇ ನಡೆಯಲಾಗದ ಸಂಗತಿ ಬಂದಿದೆ, ವಕೀಲೆ ಅದನ್ನು ಹಿಡಿಯುವುದಿಲ್ಲ! ತೋಟದ ಮಳೆ ಲೆಕ್ಕದ ಪುಸ್ತಕ ತರಿಸಿ, ಮೊದಲ ಮಳೆಯ ತಾರೀಖು ತೋರಿಸಿ, ‘ಆ ದಿನ ಗಿಡದಲ್ಲಿ ಹೂವಿತ್ತು ಎಂದು ಸುಳ್ಳು ಹೇಳುತ್ತಿದ್ದೀರಿ’ ಎಂದಿದ್ದರೆ ಆ ಸಾಕ್ಷಿ ಅಲ್ಲಿಗೇ ಮುಗಿಯುತ್ತಿದ್ದ. ಮಲೆನಾಡಿನ ಲೇಖಕರು ಮಾತ್ರ ಬರೆಯಬಹುದಾಗಿದ್ದ ಪಾಟಿ ಸವಾಲು ಅದು.

ಚೆಕ್‌ರೋಲ್, ಅಂದರೆ ತೋಟದ ಆಳುಗಳ ಹಾಜರಿ ಪುಸ್ತಕದ ವಿಷಯದಲ್ಲಿ ಮಾತ್ರ ಲೇಖಕರು ಗೆದ್ದಿದ್ದಾರೆ. ಆ ದಿನ ಮೇಸ್ತ್ರಿಯ ಹಾಜರಿ ಬರೆದವನು ಸತ್ತ ರೈಟರ್. ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕಕ್ಕೆ ಆಗಿನ ಸಾಕ್ಷ್ಯ ಕಾಯ್ದೆಯ 34ನೇ ಕಲಂನಲ್ಲಿ ಬೆಲೆಯಿದೆ, ಆದರೆ ಅದೊಂದರ ಮೇಲೇ ಯಾರ ತಲೆಗೂ ಹೊಣೆ ಕಟ್ಟುವಂತಿಲ್ಲ. ಸತ್ತವನ ಕೈಬರಹವೇ ಆರೋಪಿಯ ಪರ ನಿಲ್ಲುವ ಆ ಪುಟ ಬಹಳ ಚೆನ್ನಾಗಿದೆ.

ನಮ್ಮ ಓದುಗರ ಬಳಗದಲ್ಲಿ ಕೊನೆಯ ಅಧ್ಯಾಯಕ್ಕೆ ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಜನ ‘ಮೋಸ’ ಎಂದರು. ಸಾಕ್ಷಿ ಕಟಕಟೆಯಲ್ಲಿ ಕೊಲೆ ಒಪ್ಪಿಕೊಂಡರೆ ಅಲ್ಲಿಗೆ ಕೇಸು ಮುಗಿಯುತ್ತದೆಯೇ?
— ಓದುಗರು, ಚಿಕ್ಕಮಗಳೂರು

ಮುಗಿಯುವುದಿಲ್ಲ, ಅಲ್ಲಿಂದ ಇನ್ನೊಂದು ಶುರುವಾಗುತ್ತದೆ. ಈ ವಿಷಯದಲ್ಲಿ ನಾವು ‘ಮೋಸ’ ಎಂದವರ ಕಡೆ.

ವಕೀಲೆ ಒತ್ತಿ ಕೇಳುತ್ತಾಳೆ, ಮಾಲೀಕನ ತಮ್ಮ ಉತ್ತರಿಸಲು ಹಿಂಜರಿಯುತ್ತಾನೆ, ನ್ಯಾಯಾಧೀಶರು ‘ಉತ್ತರ ಹೇಳಲೇಬೇಕು’ ಎನ್ನುತ್ತಾರೆ, ಅವನು ಕುಸಿದು ಒಪ್ಪಿಕೊಳ್ಳುತ್ತಾನೆ. ಪೊಲೀಸರು ಅಲ್ಲೇ ಬೇಡಿ ತೊಡಿಸುತ್ತಾರೆ. ಸಾಕ್ಷ್ಯ ಕಾಯ್ದೆಯ 132ನೇ ಕಲಂ ಹೇಳುವುದೇನು? ತನ್ನ ಮೇಲೇ ಅಪರಾಧ ಬರುತ್ತದೆ ಎಂಬ ಕಾರಣಕ್ಕೆ ಸಾಕ್ಷಿ ಉತ್ತರ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಹಾಗೆ ಬಲವಂತಕ್ಕೆ ಕೊಟ್ಟ ಉತ್ತರವನ್ನು ಅವನ ವಿರುದ್ಧ ರುಜುವಾತು ಮಾಡುವಂತೆಯೂ ಇಲ್ಲ, ಸುಳ್ಳು ಸಾಕ್ಷ್ಯದ ಕೇಸೊಂದನ್ನು ಬಿಟ್ಟು. ‘ಉತ್ತರ ಹೇಳಲೇಬೇಕು’ ಎಂಬ ಆ ಎರಡು ಪದ ನ್ಯಾಯಾಧೀಶರ ಬಾಯಿಂದ ಬಂದ ಕ್ಷಣ ಆ ಒಪ್ಪಿಗೆಗೆ ಕವಚ ಸಿಕ್ಕಿತು. ನಿಜವಾದ ಕೊಲೆಗಾರ ಸತ್ಯ ಹೇಳಿದ್ದಾನೆ, ಹೇಳಿದ ಮಾತಿನಿಂದಲೇ ಅವನನ್ನು ಶಿಕ್ಷಿಸಲಾಗದು. ಲೇಖಕರು ತಿಳಿಯದೆಯೇ ಬರೆದ ಆ ಒಂದು ಸಂಭಾಷಣೆಯಲ್ಲಿ ಅವರ ಮುಕ್ತಾಯಕ್ಕಿಂತ ಹತ್ತು ಪಟ್ಟು ಬಿಗಿಯಾದ ಮುಕ್ತಾಯ ಅಡಗಿ ಕೂತಿತ್ತು.

ಬೇಡಿಯ ಮಾತು: ವಿಚಾರಣೆಯಲ್ಲಿ ಬಂದ ಸಾಕ್ಷ್ಯದಿಂದ ಬೇರೊಬ್ಬನೂ ಅಪರಾಧಿ ಎಂದು ಕಂಡರೆ ಅವನನ್ನು ಆರೋಪಿಯಾಗಿ ಸೇರಿಸಲು 319ನೇ ಕಲಂ ಇದೆ. ಅದಕ್ಕೆ ಆದೇಶ ಬೇಕು, ಅವನ ಮಟ್ಟಿಗೆ ವಿಚಾರಣೆ ಮೊದಲಿಂದ ಶುರುವಾಗಬೇಕು, ಸಾಕ್ಷಿಗಳೆಲ್ಲ ಮತ್ತೆ ಬರಬೇಕು. ಬಲವಂತದ ಉತ್ತರವೊಂದೇ ಆಧಾರವಾದರೆ ಅದೂ ನಿಲ್ಲದು. ಅವನ ಪಿಕಪ್, ಅವನ ಫೋನಿನ ಟವರ್ ದಾಖಲೆ, ಅದಕ್ಕೆ ಸಾಕ್ಷ್ಯ ಕಾಯ್ದೆಯಲ್ಲಿ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ 65ಬಿ ಪ್ರಮಾಣಪತ್ರ ಬೇಕಾಗುತ್ತವೆ. ಪ್ರಮಾಣಪತ್ರವಿಲ್ಲದ ಮುದ್ರಿತ ಪ್ರತಿ ನಡೆಯದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ 2020ರಲ್ಲಿ ಮತ್ತೆ ಗಟ್ಟಿ ಮಾಡಿದೆ.

ಚಪ್ಪಾಳೆ ತಟ್ಟಿದವರನ್ನು ನಾವು ತಪ್ಪೆನ್ನುವುದಿಲ್ಲ. ನಾನೂರು ಪುಟ ಮೇಸ್ತ್ರಿಯ ಜೊತೆ ನಡೆದವರಿಗೆ ಅವನು ಹೊರಬಂದದ್ದೇ ದೊಡ್ಡದು. ಆದರೆ ಅವನನ್ನು ಹೊರಗೆ ತರಲು ಮೊಹರಿನ ಅಕ್ಷರ, ನಿ.ಡಿ.1, ಚೆಕ್‌ರೋಲ್ ಆಗಲೇ ಸಾಕಾಗಿತ್ತು. ವಕೀಲೆ ಬೆವರು ಸುರಿಸಿ ಗೆದ್ದ ಕೇಸನ್ನು ಲೇಖಕರು ಅವಳ ಕೈಯಿಂದ ಕಿತ್ತು ಕೊಲೆಗಾರನ ಕಣ್ಣೀರಿಗೆ ಕೊಟ್ಟಿದ್ದಾರೆ.

ತೀರ್ಪಿನಲ್ಲಿ ‘ಸಂಶಯದ ಲಾಭ ನೀಡಿ’ ಬಿಡುಗಡೆ ಎಂದಿದೆ. ನಿರಪರಾಧಿಗೆ ಇದು ಅವಮಾನವಲ್ಲವೇ?
— ಓದುಗರು, ಚನ್ನರಾಯಪಟ್ಟಣ

ಅಭಿಯೋಜನೆ ಸಂಶಯಾತೀತವಾಗಿ ರುಜುವಾತು ಮಾಡಿದೆಯೇ ಎಂಬುದಷ್ಟೇ ಕೋರ್ಟಿನ ಮುಂದಿನ ಪ್ರಶ್ನೆ. ಹೇಗೇ ಬಿಡುಗಡೆಯಾಗಲಿ, ಅದೇ ಕೊಲೆಗೆ ಅವನನ್ನು ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಆದರೆ ಸರ್ಕಾರವೂ ಸತ್ತವನ ಮನೆಯವರೂ ಮೇಲ್ಮನವಿ ಹೋಗಬಹುದು. ಹಾಸನದ ಕೇಸಾದ್ದರಿಂದ ಅದು ಹೈಕೋರ್ಟಿನ ಬೆಂಗಳೂರಿನ ಪ್ರಧಾನ ಪೀಠಕ್ಕೆ. ಆ ಪದಗಳು ಮೇಸ್ತ್ರಿಯ ಮನಸ್ಸಿಗೆ ಚುಚ್ಚುತ್ತವೆ ಎಂಬುದು ನಿಜ. ಕೊನೆಯ ಪುಟದಲ್ಲಿ ಅವನು ತೀರ್ಪಿನ ಪ್ರತಿ ಹಿಡಿದು ಆ ಸಾಲನ್ನೇ ಮತ್ತೆ ಮತ್ತೆ ಓದಿಸಿಕೊಳ್ಳುತ್ತಾನಲ್ಲ, ಅದನ್ನು ಬದಲಿಸುವುದು ಬೇಡ.

ನಾನೂ ಕೋರ್ಟು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು 2025ರಲ್ಲಿ. ಎಲ್ಲಿಂದ ಶುರು ಮಾಡಲಿ?
— ಓದುಗರು, ಅರಸೀಕೆರೆ

ತಾರೀಖಿನಿಂದ. 2024ರ ಜುಲೈ 1ರಿಂದ ಹೊಸ ಕಾಯ್ದೆಗಳು ಬಂದಿವೆ. ಅಪರಾಧ ಅದಕ್ಕಿಂತ ಹಿಂದಿನದಾದರೆ ಕೊಲೆಗೆ ಐಪಿಸಿ 302, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 103. ಸಾಕ್ಷ್ಯ ನಾಶದ 201 ಈಗ 238. ಮೇಲೆ ಹೇಳಿದ ಪೊಲೀಸ್ ಹೇಳಿಕೆಯ 161 ಈಗ ನಾಗರಿಕ ಸುರಕ್ಷಾ ಸಂಹಿತೆಯ 180, 311 ಈಗ 348, 313 ಈಗ 351, 319 ಈಗ 358. ಸಾಕ್ಷ್ಯ ಅಧಿನಿಯಮದಲ್ಲಿ 132 ಈಗ 137, 65ಬಿ ಈಗ 63. ಕಲಂ ಸಂಖ್ಯೆಯನ್ನು ಪುಟಕ್ಕೊಂದು ಸುರಿಯಬೇಡಿ. ಓದುಗರಿಗೆ ಬೇಕಾದದ್ದು ಆ ಕಲಂ ಪಾತ್ರದ ಕೈ ಕಟ್ಟುವುದು ಎಲ್ಲಿ ಎಂಬುದು.

ಆಮೇಲೆ ಹೋಗಿ ಕುಳಿತು ನೋಡಿ. ಕೋರ್ಟು ಸಾರ್ವಜನಿಕರಿಗೆ ತೆರೆದದ್ದು. ಅತ್ಯಾಚಾರ, ಪೋಕ್ಸೊದಂಥ ಕೆಲವು ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲಲ್ಲಿ, ಅಲ್ಲಿಗೆ ಹೋಗುವಂತಿಲ್ಲ. ಫೋನ್ ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂರಿ, ರೆಕಾರ್ಡಿಂಗ್ ಬೇಡವೇ ಬೇಡ. ಬೆಳಿಗ್ಗೆ ಮೊದಲ ಹೊತ್ತೆಲ್ಲ ಕೇಸು ಕೂಗಿ ವಾಯಿದೆ ಕೊಡುವುದರಲ್ಲಿ ಹೋಗುತ್ತದೆ, ಬೇಸರಪಟ್ಟು ಎದ್ದು ಬರಬೇಡಿ. ಸಾಕ್ಷಿ ವಿಚಾರಣೆ ಸಾಮಾನ್ಯವಾಗಿ ಅದರ ನಂತರ. ಒಂದೇ ಕೇಸನ್ನು ಹಿಡಿದು ಮೂರು ನಾಲ್ಕು ವಾಯಿದೆಗೆ ಹೋದರೆ ಹತ್ತು ಕೇಸು ಇಣುಕಿದ್ದಕ್ಕಿಂತ ಹೆಚ್ಚು ಸಿಗುತ್ತದೆ. ಜಿಲ್ಲಾ ಕೋರ್ಟುಗಳ ತೀರ್ಪುಗಳು ಇ-ಕೋರ್ಟ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೊಲೆ ಕೇಸಿನ ಐದು ಕನ್ನಡ ತೀರ್ಪುಗಳನ್ನು ಪೂರ್ತಿ ಓದಿ, ಒಂದರಲ್ಲಾದರೂ ಪ್ರತಿಯೊಬ್ಬ ಸಾಕ್ಷಿ ಯಾವುದನ್ನು ರುಜುವಾತು ಮಾಡಲು ಬಂದ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ನಿಮ್ಮ ಕಾದಂಬರಿಯ ಸಾಕ್ಷಿ ಪಟ್ಟಿಯನ್ನೂ ಹಾಗೇ ಮಾಡಿ. ಪಕ್ಕದ ಸಾಲು ಖಾಲಿ ಉಳಿದ ಸಾಕ್ಷಿಯನ್ನು ಪಟ್ಟಿಯಿಂದ ತೆಗೆದುಬಿಡಿ.